ದರೋಜಿಯ ಕಂಟಿಯಲ್ಲೊಬ್ಬ ಬಿದಿರು ಮೆಳೆಯ ದಾಯಾದಿ

ಹೋದ ವರ್ಷ ಶ್ರಾವಣದಲ್ಲಿ ಬಳ್ಳಾರಿ ಸೀಮೆಯ ದರೋಜಿ ಹತ್ತಿರದ ಒಂದು ಕುರುಚಲು ಗುಡ್ಡದ ಬುಡದಲ್ಲಿ ನಿಂತಿದ್ದೆ. ಎದುರಿಗೆ ಒಂದು ಕವಳಿ ಕಂಟಿ. ಅದರೊಳಗೆ ಏನೋ ಓಡಾಡುತ್ತಿತ್ತು. ಎಲೆ ಅಲ್ಲಾಡುತ್ತಿತ್ತು, ಹಕ್ಕಿ ಮಾತ್ರ ಕಾಣುತ್ತಿರಲಿಲ್ಲ. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ನನ್ನ ಪಕ್ಕಕ್ಕೆ ಬಂದು ನಿಂತರು.

“ಏನ್ ನೋಡಾಕತ್ತೀ ತಮ್ಮಾ?”

“ಒಳಗ ಹಕ್ಕಿ ಐತಿ ಅಜ್ಜಾ. ಹೊರಗ ಬರವಲ್ದು.”

“ಅದು ಕಂಟ್ಯಾಗಿನ ಹಕ್ಕಿ. ಸುಮ್ನ ನಿಂದ್ರು. ತಾನ ಮ್ಯಾಲೆ ಬರತೈತಿ.”

ಅಜ್ಜ ಹೇಳಿದ ಹಾಗೇ ಆಯಿತು. ಐದು ನಿಮಿಷ ಕಳೆಯುವಷ್ಟರಲ್ಲಿ ಒಂದು ಹಕ್ಕಿ ಕೊಂಬೆಯಿಂದ ಕೊಂಬೆಗೆ ಹತ್ತುತ್ತಾ ಕಂಟಿಯ ತುದಿಗೆ ಬಂತು. ಕಂದು ಬೆನ್ನು, ಬೆಳ್ಳಗಿನ ಎದೆ, ಉದ್ದನೆಯ ಬಾಲ. ಕಣ್ಣು ಹಳದಿ. ಅದರ ಸುತ್ತ ಕಿತ್ತಳೆ ಬಣ್ಣದ ಅಂಚು, ಯಾರೋ ಕೂತು ಗೆರೆ ಎಳೆದ ಹಾಗೆ. ಅರ್ಧ ನಿಮಿಷ ಹಾಡಿತು. ಆಮೇಲೆ ಕಲ್ಲು ಬಿದ್ದ ಹಾಗೆ ಕಂಟಿಯೊಳಗೆ ಬಿತ್ತು. ಮತ್ತೆ ಕಾಣಲಿಲ್ಲ.

ಅದು ಹಳದಿ ಕಣ್ಣಿನ ಹರಟೆಮಲ್ಲ. ಬಾಲವೂ ಸೇರಿ ಸುಮಾರು 18 ಸೆಂಟಿಮೀಟರ್ ಉದ್ದ. ಬಳ್ಳಾರಿ, ಕೊಪ್ಪಳ, ರಾಯಚೂರಿನಂಥ ಒಣ ಸೀಮೆಯ ಹುಲ್ಲು ಮತ್ತು ಮುಳ್ಳುಕಂಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಇದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕ ಒಂದು ಸಂಗತಿ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಇದೇ ಗುಡ್ಡದಲ್ಲಿ ಓಡಾಡುವ ಬೇರೆ ಹರಟೆಮಲ್ಲಗಳು ಇದರ ಹತ್ತಿರದ ಬಳಗವಲ್ಲ. ಇದರ ಬಳಗ ಇರುವುದು ಹಿಮಾಲಯ, ಚೀನಾ, ಕೊರಿಯಾದ ಕಡೆ. ಅಲ್ಲಿನ ಬಿದಿರು ಮೆಳೆಗಳಲ್ಲಿ, ಕಾಡಿನ ಪೊದೆಗಳಲ್ಲಿ ಹಿಂಡು ಕಟ್ಟಿಕೊಂಡು ಬದುಕುವ ಪುಟ್ಟ ಹಕ್ಕಿಗಳು ಇದರ ದಾಯಾದಿಗಳು. ಅವುಗಳಿಗೆ ಇಂಗ್ಲಿಷಿನಲ್ಲಿ ಪ್ಯಾರಟ್‌ಬಿಲ್ ಅನ್ನುತ್ತಾರೆ. ನಾನಿಲ್ಲಿ ಗಿಣಿಕೊಕ್ಕಿನ ಹಕ್ಕಿ ಎಂದೇ ಕರೆಯುತ್ತೇನೆ.

ಮೊದಲು ಆ ದೂರದ ಬಳಗವನ್ನು ನೋಡೋಣ.

ಗಿಣಿಕೊಕ್ಕಿನ ಹಕ್ಕಿ ಎಂದ ಕೂಡಲೇ ಹಸಿರು ಗಿಣಿಯನ್ನು ನೆನೆಯಬೇಡಿ. ಹೆಚ್ಚಿನವು ಗುಬ್ಬಿಗಿಂತಲೂ ಚಿಕ್ಕವು. ದುಂಡು ತಲೆ, ಉಬ್ಬಿದ ಮೈ, ಉದ್ದ ಬಾಲ. ಕೆಂಗಂದು, ಬೂದು, ಮಣ್ಣಿನ ಬಣ್ಣ. ಹಿಮಾಲಯದ ಕರಿಗಂಟಲಿನ ಜಾತಿ ಕೇವಲ 10 ಸೆಂಟಿಮೀಟರ್ ಉದ್ದ. ಕೊರಿಯಾ, ಚೀನಾ, ತೈವಾನ್‌ಗಳಲ್ಲಿ ಎಲ್ಲೆಡೆ ಕಾಣುವ ಕೆಂಗಂದು ಗಂಟಲಿನ ಜಾತಿ 12 ಸೆಂಟಿಮೀಟರ್, ತೂಕ 10 ಗ್ರಾಂ ಆಸುಪಾಸು. ಈ ಬಳಗದಲ್ಲಿ ಒಬ್ಬ ದೈತ್ಯನೂ ಇದ್ದಾನೆ. ಹಿಮಾಲಯದ ಎತ್ತರದ ಬಿದಿರಿನಲ್ಲಿರುವ ದೊಡ್ಡ ಗಿಣಿಕೊಕ್ಕು 28 ಸೆಂಟಿಮೀಟರ್ ಬೆಳೆಯುತ್ತದೆ. ಇವುಗಳಲ್ಲಿ ಕೆಲವಕ್ಕೆ ಮೊದಲು ಹೆಸರಿಟ್ಟವರು ಕಠ್ಮಂಡುವಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಬ್ರಯಾನ್ ಹಾಡ್ಜ್‌ಸನ್.

ಈಗ ಕೊಕ್ಕಿನ ವಿಷಯ. ಹುಳ ಹಿಡಿಯುವ ಹೆಚ್ಚಿನ ಹಕ್ಕಿಗಳ ಕೊಕ್ಕು ಚಿಮುಟದ ಹಾಗೆ ಸಣ್ಣಗೆ, ಚೂಪಾಗಿ ಇರುತ್ತದೆ. ಎಲೆಯ ಮೇಲಿನ ಹುಳ ಹೆಕ್ಕಲು ಅದು ಸಾಕು. ಆದರೆ ಬಿದಿರು ಮತ್ತು ಜೊಂಡಿನಲ್ಲಿ ತಿನ್ನುವ ವಸ್ತು ಎಷ್ಟೋ ಸಲ ಹೊರಗೆ ಇರುವುದಿಲ್ಲ. ಹುಳ ದಂಟಿನ ಒಳಗೆ ಇರುತ್ತದೆ, ಇಲ್ಲವೇ ಎಲೆಯ ಪೊರೆಯ ಅಡಿಗೆ ಕೂತಿರುತ್ತದೆ. ಅದನ್ನು ಸೀಳಬೇಕು. ನಮ್ಮ ಮನೆಯ ಅಡಕತ್ತರಿಯನ್ನು ನೆನೆಸಿಕೊಳ್ಳಿ. ಅದರ ಅಲಗು ಕೀಲಿಗೆ ಹತ್ತಿರ ಇರುತ್ತದೆ, ಹಿಡಿ ದೂರ ಇರುತ್ತದೆ. ಹಾಗಾಗಿ ಸ್ವಲ್ಪ ಒತ್ತಿದರೂ ಗಟ್ಟಿ ಅಡಿಕೆ ಕಟ್ಟನೆ ಒಡೆಯುತ್ತದೆ. ಗಿಡ್ಡ, ದಪ್ಪ, ಬಾಗಿದ ಕೊಕ್ಕು ಕೆಲಸ ಮಾಡುವುದೂ ಹೀಗೇ. ಕೊಕ್ಕು ಗಿಡ್ಡವಾದಷ್ಟೂ ತುದಿ ದವಡೆಯ ಕೀಲಿಗೆ ಹತ್ತಿರವಾಗುತ್ತದೆ. ದವಡೆಯ ಬಲ ತುದಿಗೆ ಜಾಸ್ತಿ ಸಿಗುತ್ತದೆ. ಚೀನಾದ ಜೊಂಡುಗಾವಲಿನಲ್ಲಿ ಬದುಕುವ ಒಂದು ಜಾತಿ ಹೀಗೇ ದಂಟು ಸೀಳಿ ಒಳಗಿನ ಹುಳ ತೆಗೆದು ತಿನ್ನುತ್ತದೆ.

ಗಿಣಿಯೂ ಗಟ್ಟಿ ಕಾಳು ಒಡೆಯಲು ಇಂಥದೇ ಕೊಕ್ಕು ಪಡೆದಿದೆ. ಆದರೆ ಎರಡಕ್ಕೂ ರಕ್ತಸಂಬಂಧ ಇಲ್ಲ. ಒಂದೇ ರೀತಿಯ ಕೆಲಸ, ಹಾಗಾಗಿ ಒಂದೇ ರೀತಿಯ ಹತ್ಯಾರ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊರಿಯಾದಲ್ಲಿ ಕೆಂಗಂದು ಗಂಟಲಿನ ಹಕ್ಕಿಗೆ ‘ಬೆಪ್ಸೆ’ ಎಂದು ಹೆಸರು. ಕೊಕ್ಕರೆಯ ಹಿಂದೆ ಹೆಜ್ಜೆ ಹಾಕಲು ಹೋಗಿ ಬೆಪ್ಸೆ ಕಾಲು ಹರಿದುಕೊಂಡಿತು ಎಂಬ ಗಾದೆ ಅಲ್ಲಿದೆ. ನವಿಲನ್ನು ನೋಡಿ ಕೆಂಬೂತ ಗರಿ ಕೆದರಿತು ಎಂದು ನಾವು ಹೇಳುವ ಹಾಗೆಯೇ. ಆದರೆ ಆ ಪುಟ್ಟ ಕಾಲನ್ನು ಕಡೆಗಣಿಸುವ ಹಾಗಿಲ್ಲ. ನೆಟ್ಟಗೆ ನಿಂತ, ನುಣುಪಾದ ದಂಟನ್ನು ಹಿಡಿದು, ತಲೆ ಕೆಳಗಾಗಿ ಜೋತು ಬಿದ್ದು ಊಟ ಹುಡುಕುವ ಕಾಲು ಅದು. ಕೊಕ್ಕರೆಗೆ ಬಿದಿರು ಮೆಳೆಯಲ್ಲಿ ಒಂದು ಹೆಜ್ಜೆಯೂ ಇಡಲು ಆಗದು.

ಇನ್ನು ಹಿಂಡು. ಇದು ನನಗೆ ಬಹಳ ಇಷ್ಟವಾದ ಭಾಗ. ಚಳಿಗಾಲದಲ್ಲಿ ಬೆಪ್ಸೆಗಳು ಹತ್ತಾರು ಸೇರಿ ಓಡಾಡುತ್ತವೆ. ಬೇಸಿಗೆ ಹತ್ತಿರವಾದಂತೆ ಹಿಂಡು ಒಡೆದು ಜೋಡಿಗಳಾಗುತ್ತವೆ. ಇಷ್ಟು ಚಿಕ್ಕ ಹಕ್ಕಿ ಗುಂಪು ಕಟ್ಟುವುದು ಯಾಕೆ? ಒಂದು ಕಾರಣ ಎಲ್ಲರಿಗೂ ಹೊಳೆಯುವಂಥದು: ಇಪ್ಪತ್ತು ಹಕ್ಕಿಗೆ ನಲವತ್ತು ಕಣ್ಣು. ಒಬ್ಬರಲ್ಲ ಒಬ್ಬರು ಗಿಡುಗನನ್ನು ನೋಡುತ್ತಾರೆ. ಉಳಿದವರು ನಿಶ್ಚಿಂತೆಯಿಂದ ತಿನ್ನಬಹುದು. ಇನ್ನೊಂದು ಕಾರಣ ಸ್ವಲ್ಪ ಕಠೋರ. ಗಿಡುಗ ಎರಗಿದರೂ ಒಂದನ್ನೇ ಒಯ್ಯುತ್ತದೆ. ಇಪ್ಪತ್ತರಲ್ಲಿ ಅದು ನಾನೇ ಆಗುವ ಸಂಭವ ಕಡಿಮೆ.

ಆದರೆ ಮೆಳೆಯೊಳಗೆ ಪಕ್ಕದ ಹಕ್ಕಿಯೇ ಕಾಣುವುದಿಲ್ಲ, ಅಲ್ವಾ? ಹಿಂಡು ಚದುರದೆ ಹೇಗೆ ಉಳಿಯುತ್ತದೆ? ದನಿಯಿಂದ. ಹಿಂಡಿನ ಹಕ್ಕಿಗಳು ತಿನ್ನುತ್ತಲೇ ಚಿಕ್ಕ ಚಿಕ್ಕ ಒರಟು ಸದ್ದು ಮಾಡುತ್ತಿರುತ್ತವೆ. ‘ನಾನು ಇಲ್ಲಿದ್ದೇನೆ, ನೀನೆಲ್ಲಿ’ ಎನ್ನುವ ಸದ್ದು ಅದು. ಅಪಾಯ ಕಂಡರೆ ಬೇರೆ ಸದ್ದು. ಎಷ್ಟೋ ಚಿಕ್ಕ ಹಕ್ಕಿಗಳು ಗಿಡುಗ ಕಂಡಾಗ ತೆಳ್ಳಗೆ, ಎಳೆದ ಹಾಗೆ ಒಂದು ಸೀಟಿ ಹಾಕುತ್ತವೆ. ಈ ಎರಡು ಸದ್ದುಗಳ ಗುಟ್ಟನ್ನು 1955ರಲ್ಲಿ ಪೀಟರ್ ಮಾರ್ಲರ್ ಎಂಬ ವಿಜ್ಞಾನಿ ಬಿಡಿಸಿಟ್ಟರು. ಸದ್ದು ಎಲ್ಲಿಂದ ಬಂತು ಎಂದು ತಿಳಿಯಲು ಕೇಳುವವರ ಎರಡು ಕಿವಿಗಳು ಲೆಕ್ಕ ಹಾಕುತ್ತವೆ. ಯಾವ ಕಿವಿಗೆ ಮೊದಲು ಬಂತು, ಯಾವ ಕಿವಿಗೆ ಜೋರಾಗಿ ಬಂತು ಎಂದು. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ಒರಟು ಸದ್ದಿನಲ್ಲಿ ಈ ಲೆಕ್ಕ ಸುಲಭ. ಮೆಲ್ಲಗೆ ಶುರುವಾಗಿ ಮೆಲ್ಲಗೆ ಮುಗಿಯುವ ತೆಳು ಸೀಟಿಯಲ್ಲಿ ಕಷ್ಟ. ಹಾಗಾಗಿ ಬಳಗವನ್ನು ಕರೆಯುವ ದನಿ ತನ್ನ ಜಾಗವನ್ನು ಹೇಳುತ್ತದೆ. ಎಚ್ಚರಿಸುವ ದನಿ ಜಾಗವನ್ನು ಮುಚ್ಚಿಡುತ್ತದೆ. ನಮ್ಮ ಕಂಟಿಗಳ ಪಕ್ಕ ನಿಂತರೂ ಈ ವ್ಯತ್ಯಾಸ ಕೇಳಿಸುತ್ತದೆ. ಒಮ್ಮೆ ಗೊತ್ತಾದ ಮೇಲೆ ಕಿವಿಯೇ ಬೇರೆಯಾಗಿಬಿಡುತ್ತದೆ.

ಮೊಟ್ಟೆಯ ಕತೆಯನ್ನೂ ಹೇಳಲೇಬೇಕು. ಬೆಪ್ಸೆಗಳಲ್ಲಿ ಕೆಲವು ಹೆಣ್ಣು ನೀಲಿ ಮೊಟ್ಟೆ ಇಡುತ್ತವೆ, ಕೆಲವು ಬಿಳಿ. ಒಂದೇ ಜಾತಿಯಲ್ಲಿ ಎರಡು ಬಣ್ಣ. ಕಾರಣ, ಅಲ್ಲಿನ ಕೋಗಿಲೆ ಜಾತಿಯ ಹಕ್ಕಿ ಇವುಗಳ ಗೂಡಿನಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಕೊರಿಯಾದಲ್ಲಿ ಆ ಕೋಗಿಲೆಯ ಮೊಟ್ಟೆ ನೀಲಿ. ನೀಲಿ ಮೊಟ್ಟೆಯ ಗೂಡಿನಲ್ಲಿ ಅದು ಬೆರೆತು ಹೋಗುತ್ತದೆ. ಬಿಳಿ ಮೊಟ್ಟೆಯ ಗೂಡಿನಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಚೀನಾದ ಇನ್ನೊಂದು ಗಿಣಿಕೊಕ್ಕಿನ ಜಾತಿಯಲ್ಲಿ ಬಿಳಿ, ತಿಳಿನೀಲಿ, ನೀಲಿ ಎಂದು ಮೂರು ಬಣ್ಣಗಳಿವೆ. ಅಲ್ಲಿ ಕೋಗಿಲೆಯ ಮೊಟ್ಟೆಯಲ್ಲೂ ಅದೇ ಮೂರು ಬಣ್ಣಗಳು ಬಂದಿವೆ. ಒಬ್ಬರು ಬೀಗ ಬದಲಿಸಿದರೆ ಇನ್ನೊಬ್ಬರು ಕೀಲಿ ಬದಲಿಸುವ ಹಾಗೆ. ಈ ಆಟ ನಮಗೆ ಹೊಸದೇನಲ್ಲ. ಮುಂಗಾರಿನ ಜೊತೆ ಬರುವ ಚಾತಕ ಹಕ್ಕಿ ನಮ್ಮ ಹೊಲದ ಬದುಗಳಲ್ಲಿ ಕಾಡು ಹರಟೆಮಲ್ಲಗಳ ಗೂಡು ಹುಡುಕುತ್ತದೆ. ಅದರ ಮೊಟ್ಟೆಯೂ ನೀಲಿ, ಹರಟೆಮಲ್ಲನ ಮೊಟ್ಟೆಯೂ ನೀಲಿ.

ಸರಿ, ಇವೆಲ್ಲ ಅಲ್ಲಿಯ ಮಾತು. ಬಿದಿರೇ ಇಲ್ಲದ ಗುಡ್ಡದ ಕವಳಿ ಕಂಟಿಯಲ್ಲಿ ಕೂತ ಹಕ್ಕಿ ಇವರ ದಾಯಾದಿ ಹೇಗಾಯಿತು?

ನಮ್ಮ ಕಡೆ ಅಡ್ಡಹೆಸರು ಬೇರೆ, ಬೆಡಗು, ಅಂದರೆ ವಂಶದ ಮೂಲ, ಬೇರೆ. ಕೊಪ್ಪಳದಲ್ಲಿ ಒಬ್ಬರ ಅಡ್ಡಹೆಸರು ಅಂಗಡಿ ಎಂದಿರುತ್ತದೆ. ರಾಯಚೂರಿನಲ್ಲಿ ಇನ್ನೊಬ್ಬರದೂ ಅಂಗಡಿ. ಅದರಿಂದ ಅವರು ನೆಂಟರಾಗುವುದಿಲ್ಲ. ಎರಡೂ ಮನೆಯ ಹಿರಿಯರು ಯಾವ ಕಾಲದಲ್ಲೋ ಅಂಗಡಿ ಇಟ್ಟಿದ್ದರು, ಅಷ್ಟೇ. ಹೆಣ್ಣು ಗಂಡು ನೋಡುವಾಗ ಹಿರಿಯರು ಅಡ್ಡಹೆಸರಿಗೆ ನಿಲ್ಲುವುದಿಲ್ಲ. ಬೆಡಗು ಯಾವುದು ಎಂದು ಕೇಳುತ್ತಾರೆ. ಬೆಡಗು ಒಂದೇ ಆದರೆ ಅಣ್ಣ ತಮ್ಮಂದಿರ ಮನೆ.

‘ಹರಟೆಮಲ್ಲ’ ಎನ್ನುವುದು ಅಡ್ಡಹೆಸರು. ಕಂದು ಬಣ್ಣ, ಮೋಟು ರೆಕ್ಕೆ, ಗುಂಪಿನಲ್ಲಿ ಓಡಾಟ, ಸದಾ ಗಲಾಟೆ. ಇದನ್ನು ನೋಡಿ ನಾವು ಇಟ್ಟ ಹೆಸರು. ಹಕ್ಕಿ ಶಾಸ್ತ್ರದವರೂ ಬಹಳ ಕಾಲ ಮಾಡಿದ್ದು ಇದನ್ನೇ. ಏಷ್ಯಾದ ಪೊದೆಗಳಲ್ಲಿ ಸಿಕ್ಕ ಇಂಥ ಹಕ್ಕಿಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದರು. ಚೀಲ ಉಬ್ಬುತ್ತಾ ಹೋಯಿತು. ಗಿಣಿಕೊಕ್ಕುಗಳಂತೂ ಯಾವ ಚೀಲಕ್ಕೂ ಸರಿಯಾಗಿ ಹೊಂದಲಿಲ್ಲ. 1836ರಲ್ಲಿ ಜಾನ್ ಗೌಲ್ಡ್ ಅಸ್ಸಾಮಿನ ಹುಲ್ಲುಗಾವಲಿನ ಒಂದು ಜಾತಿಗೆ ‘ಪ್ಯಾರಡಾಕ್ಸಾರ್ನಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಒಗಟಿನ ಹಕ್ಕಿ’. ನಮ್ಮ ಹಳದಿ ಕಣ್ಣಿನದರ ಕತೆಯೂ ಕಡಿಮೆಯಿಲ್ಲ. 1789ರಲ್ಲಿ ಗ್ಮೆಲಿನ್ ಅದಕ್ಕೆ ಹೆಸರು ಕೊಟ್ಟಾಗ ಚೇಕಡಿ ಹಕ್ಕಿಗಳ ಗುಂಪಿಗೆ ಸೇರಿಸಿ ‘ಚೀನಾದ ಚೇಕಡಿ’ ಮಾಡಿಬಿಟ್ಟಿದ್ದರು. 1843ರಲ್ಲಿ ಎಡ್ವರ್ಡ್ ಬ್ಲೈತ್ ಅದಕ್ಕೆ ಬೇರೆ ಮನೆ ಕಟ್ಟಿ ‘ಕ್ರೈಸೊಮ್ಮ’ ಎಂದರು. ಅಂದರೆ ಹೊನ್ನಗಣ್ಣು. ಚೆಂದದ ಹೆಸರು.

ಬೆಡಗು ಗೊತ್ತಾಗಿದ್ದು ಡಿಎನ್‌ಎ ಓದಲು ಬಂದ ಮೇಲೆ. ಅದು ಹೇಗೆ ಎನ್ನುವುದಕ್ಕೆ ನಮ್ಮ ಬಯಲಾಟದ ಪ್ರತಿಗಳೇ ಸಾಕು. ಹಿಂದೆ ಆಟದ ಪುಸ್ತಕವನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ಒಂದು ಊರಿನವರು ನಕಲು ಮಾಡುವಾಗ ಒಂದು ಪದ ತಪ್ಪಿತು ಎಂದುಕೊಳ್ಳಿ. ಆ ಪ್ರತಿಯಿಂದ ಬರೆದುಕೊಂಡ ಎಲ್ಲ ಊರುಗಳಲ್ಲೂ ಅದೇ ತಪ್ಪು ಇರುತ್ತದೆ. ನೂರು ವರ್ಷದ ನಂತರ ಹತ್ತು ಪ್ರತಿಗಳನ್ನು ಎದುರಿಗಿಟ್ಟುಕೊಂಡು ತಪ್ಪುಗಳನ್ನು ಹೋಲಿಸಿದರೆ ಯಾರದು ಯಾರಿಂದ ಬಂತು ಎಂದು ಹೇಳಬಹುದು. ರಟ್ಟಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ, ತಪ್ಪು ನೋಡಿದರೆ ಗೊತ್ತಾಗುತ್ತದೆ. ಜೀವಕೋಶದಲ್ಲೂ ತಲೆಮಾರಿನಿಂದ ತಲೆಮಾರಿಗೆ ನಕಲು ಆಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಹೋಲಿಸಿ ಯಾವ ಹಕ್ಕಿ ಯಾವುದರ ಜೊತೆ ಒಂದೇ ಮೂಲದಿಂದ ಬಂತು ಎಂದು ತಿಳಿಯುತ್ತಾರೆ.

2000ದ ನಂತರ ಹೀಗೆ ಹೋಲಿಸಿದಾಗ ಹಳೆಯ ಚೀಲ ಹರಿದು ಹೋಯಿತು. ದರೋಜಿಯ ಒಂದೇ ಗುಡ್ಡದಲ್ಲಿ ಮೂರು ಹರಟೆಮಲ್ಲಗಳನ್ನು ನೋಡಬಹುದು. ರಸ್ತೆಯ ಬದಿಯಲ್ಲಿ ಏಳೆಂಟು ಸೇರಿ ಜಗಳವಾಡುವ ಕಾಡು ಹರಟೆಮಲ್ಲ. ಹುಲ್ಲಿನಲ್ಲಿ ನುಸುಳುವ, ಗುಬ್ಬಿಗಿಂತ ಚಿಕ್ಕದಾದ ಬಿಳಿಗೊರಳಿನ ಹರಟೆಮಲ್ಲ. ಮತ್ತೆ ನಮ್ಮ ಹೊನ್ನಗಣ್ಣು. ಮೂವರದೂ ಅಡ್ಡಹೆಸರು ಒಂದೇ. ಬೆಡಗು ಮೂರು. ಹೊನ್ನಗಣ್ಣಿನ ಬೆಡಗು ಗಿಣಿಕೊಕ್ಕುಗಳದು. ಇಂದಿನ ಪಟ್ಟಿಗಳಲ್ಲಿ ಇವೆರಡೂ ‘ಪ್ಯಾರಡಾಕ್ಸಾರ್ನಿಥಿಡೇ’ ಎಂಬ ಒಂದೇ ಕುಟುಂಬದಲ್ಲಿವೆ. ಒಗಟಿನ ಹಕ್ಕಿಯ ಕುಟುಂಬ.

ಇಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕ್ಯಾಲಿಫೋರ್ನಿಯಾದ ಒಣ ಕುರುಚಲಿನಲ್ಲಿ ರೆನ್‌ಟಿಟ್ ಎಂಬ ಚಿಕ್ಕ ಕಂದು ಹಕ್ಕಿ ಇದೆ. ಉದ್ದ ಬಾಲ, ತಿಳಿ ಬಣ್ಣದ ಕಣ್ಣು, ಪೊದೆ ಬಿಟ್ಟು ಹೊರಗೆ ಬಾರದ ಸ್ವಭಾವ. ಅದೂ ಇದೇ ಬೆಡಗು. ಅಮೆರಿಕ ಖಂಡದಲ್ಲಿ ಈ ಕುಟುಂಬದ್ದು ಇದೊಂದೇ. ಅಂದರೆ ದರೋಜಿಯ ಹೊನ್ನಗಣ್ಣಿಗೆ ಪಕ್ಕದ ಕಂಟಿಯ ಕಾಡು ಹರಟೆಮಲ್ಲನಿಗಿಂತ ಪೆಸಿಫಿಕ್ ಸಾಗರದ ಆಚೆಯ ಹಕ್ಕಿ ಹತ್ತಿರದ ನೆಂಟ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಉಲ್ಟಾ ಕೂಡ ಆಗಿದೆ. ಯುರೋಪಿನ ಜೊಂಡಿನಲ್ಲಿ ಮೀಸೆ ಇದ್ದ ಹಾಗೆ ಕಾಣುವ ಒಂದು ಹಕ್ಕಿ ಇದೆ. ಜೊಂಡಿನಲ್ಲಿ ಹಿಂಡಾಗಿ ಇರುತ್ತದೆ, ಉದ್ದ ಬಾಲ ಇದೆ, ದಂಟು ಹಿಡಿದು ಜೋತಾಡುತ್ತದೆ. ಹಾಗಾಗಿ ಅದನ್ನು ಗಿಣಿಕೊಕ್ಕಿನ ಬಳಗಕ್ಕೆ ಸೇರಿಸಿದ್ದರು. ನಕಲಿನ ತಪ್ಪುಗಳನ್ನು ಹೋಲಿಸಿ ನೋಡಿದರೆ ಅದು ನೆಲಗುಬ್ಬಿಗಳ ನೆಂಟ. ಬೇಸಾಯದ ಹೊಲದಲ್ಲಿ ನೆಲ ಕೆದಕುವ ನೆಲಗುಬ್ಬಿ! ಅಡಕತ್ತರಿಯ ಮಾತು ನೆನಪಿದೆಯಲ್ಲ. ಒಂದೇ ಕೆಲಸ ಮಾಡುವವರು ಒಂದೇ ರೀತಿ ಕಾಣುತ್ತಾರೆ, ಅದರಿಂದ ಮೋಸ ಹೋಗುವುದು ಸುಲಭ.

ಈ ಬೆಡಗಿನವರನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಿದಿರು ಮರವಲ್ಲ, ಹುಲ್ಲು. ನಮ್ಮ ಜೋಳ, ಸಜ್ಜೆಯ ಜಾತಿಯದು. ಮೇದಾರರು ಬುಟ್ಟಿ ಹೆಣೆಯುವ ಬಿದಿರೂ, ಕಾಲುವೆ ಬದಿಯ ಜೊಂಡೂ, ಬ್ರಹ್ಮಪುತ್ರದ ಆನೆಯೆತ್ತರದ ಹುಲ್ಲೂ, ದರೋಜಿಯ ಕಂಟಿಗಳ ನಡುವೆ ಮಳೆಗೆ ಏಳುವ ಹುಲ್ಲೂ ಹಕ್ಕಿಯ ಕಣ್ಣಿಗೆ ಬಹಳ ಬೇರೆಯಲ್ಲ ಎಂದು ನನಗನ್ನಿಸುತ್ತದೆ. ಒತ್ತಾಗಿ ನಿಂತ ಸಣ್ಣ ದಂಟುಗಳು. ಒಳಗೆ ನುಸುಳಲು ಜಾಗ, ಹೊರಗಿನಿಂದ ಬರುವ ಗಿಡುಗನಿಗೆ ಅಡ್ಡಿ. ಹೊನ್ನಗಣ್ಣಿನ ಕೊಕ್ಕನ್ನು ಬೈನಾಕ್ಯುಲರ್‌ನಲ್ಲಿ ನೋಡಿ. ಗಿಣಿಯಷ್ಟಲ್ಲದಿದ್ದರೂ ಕಪ್ಪಗೆ, ಗಿಡ್ಡಗೆ, ದಪ್ಪಗೆ, ಮೇಲಂಚು ಬಾಗಿದೆ.

ಮಳೆಗಾಲದಲ್ಲಿ ಅದು ಕಟ್ಟುವ ಗೂಡನ್ನು ಒಮ್ಮೆ ನೋಡಿದ್ದೇನೆ, ಮರಿಗಳು ಹಾರಿಹೋದ ಮೇಲೆ. ಕಂಟಿಯ ಕವಲಿನಲ್ಲಿ, ನನ್ನ ಸೊಂಟದ ಎತ್ತರಕ್ಕೆ ಇತ್ತು. ಹುಲ್ಲಿನ ಎಳೆಗಳಿಂದ ಹೆಣೆದ ಆಳವಾದ ಬಟ್ಟಲು. ಹೊರಗಡೆಗೆಲ್ಲ ಜೇಡರ ಬಲೆಯನ್ನು ಸವರಿ ಸಾರಿಸಿತ್ತು, ನಮ್ಮವರು ಮಣ್ಣಿನ ಗೋಡೆ ಸಾರಿಸುವ ಹಾಗೆ. ಬಲೆಯ ಎಳೆ ಅಂಟೂ ಹೌದು, ಎಳೆದರೆ ಹಿಗ್ಗುವಂಥದೂ ಹೌದು. ಹುಲ್ಲು ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಇಂಥ ಗೂಡಿಗೆ ಮೂರು ಬೇಕು: ಕವಲೊಡೆದ ಕಂಟಿ, ಅದರ ಬುಡದಲ್ಲಿ ಹುಲ್ಲು, ಜೇಡ. ಕಂಟಿಯನ್ನು ಬುಡಸಮೇತ ಕಡಿದರೆ ಮೂರೂ ಹೋಗುತ್ತವೆ.

ಇಲ್ಲಿ ನನಗೆ ಹೊಟ್ಟೆ ಉರಿಯುವ ವಿಷಯವೊಂದಿದೆ. ಬಿದಿರು ಕಾಡನ್ನು ಯಾರೂ ಪಾಳು ಎನ್ನುವುದಿಲ್ಲ. ನಮ್ಮ ಕುರುಚಲು ಕಾಡಿಗೆ ಮಾತ್ರ ಆ ಹೆಸರು. ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು ನೆಲಕ್ಕೆ ಒಂದು ವರ್ಗವೇ ಇದೆ. ಪಾಳು ಎಂದ ಮೇಲೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ. ಗಣಿಯ ಮಣ್ಣು ಸುರಿಯಬಹುದು, ಸಸಿ ನೆಟ್ಟು ಕಾಡು ಬೆಳೆಸಿದೆವು ಎನ್ನಬಹುದು. ಬಳ್ಳಾರಿ ಜಾಲಿಯನ್ನೇ ನೋಡಿ. ಹೆಸರು ನಮ್ಮ ಜಿಲ್ಲೆಯದು, ಮೂಲ ಅಮೆರಿಕ ಖಂಡ. ದೂರದಿಂದ ಹಸಿರಾಗಿ, ಒತ್ತಾಗಿ ಕಾಣುತ್ತದೆ. ಆದರೆ ಅದು ದಟ್ಟವಾಗಿ ಹಬ್ಬಿದ ಕಡೆ ಬುಡದಲ್ಲಿ ಹುಲ್ಲು ಏಳುವುದು ಕಡಿಮೆ. ಹುಲ್ಲಿಲ್ಲದ ಕಂಟಿ ಈ ಹಕ್ಕಿಗೆ ಗೋಡೆಯಿಲ್ಲದ ಮನೆ. 1994ರಲ್ಲಿ ದರೋಜಿಯಲ್ಲಿ ಕರಡಿಗಾಗಿ ಧಾಮ ಮಾಡಿದ್ದರಿಂದ ಅಲ್ಲಿ ಕಾರೆ, ಕವಳಿ, ಬಾರಿ ಕಂಟಿಗಳು ಉಳಿದವು. ಹಕ್ಕಿ ನೋಡಲು ದೂರದಿಂದ ಬರುವವರು ಅಲ್ಲಿ ಹಳದಿ ಗಂಟಲಿನ ಪಿಕಳಾರವನ್ನು ಹುಡುಕುತ್ತಾರೆ. ಅದು ಅಪರೂಪದ್ದು, ಹುಡುಕಲಿ. ಹೊನ್ನಗಣ್ಣಿನ ಕಡೆಗೂ ಒಂದು ನಿಮಿಷ ತಿರುಗಲಿ ಎಂದು ನನ್ನ ಆಸೆ.

ಇದು ಅಳಿವಿನ ಅಂಚಿನ ಹಕ್ಕಿಯಲ್ಲ. ಪಾಕಿಸ್ತಾನದಿಂದ ವಿಯೆಟ್ನಾಂವರೆಗೆ ಇದೆ. ಆದರೆ ಇದರ ಒಡಹುಟ್ಟಿನ ಹಾಗಿರುವ ಜೆರ್ಡನ್ನನ ಹರಟೆಮಲ್ಲದ ಪಾಡು ನೋಡಿ. ಅದು ನದಿ ಬಯಲಿನ ಎತ್ತರದ ಹುಲ್ಲಿನ ಹಕ್ಕಿ. ಮ್ಯಾನ್ಮಾರ್‌ನಲ್ಲಿ ಅದು 1941ರ ನಂತರ ಯಾರಿಗೂ ಕಂಡಿರಲಿಲ್ಲ. ಹುಲ್ಲುಗಾವಲೆಲ್ಲ ಹೊಲವಾಗಿತ್ತು. ಹೋಯಿತು ಎಂದೇ ತಿಳಿದಿದ್ದರು. 2014ರಲ್ಲಿ ಉಳಿದ ಒಂದು ಚಿಕ್ಕ ಹುಲ್ಲಿನ ತುಂಡಿನಲ್ಲಿ ಮತ್ತೆ ಸಿಕ್ಕಿತು. ಗೌಲ್ಡ್ ‘ಒಗಟಿನ ಹಕ್ಕಿ’ ಎಂದು ಕರೆದ ಅಸ್ಸಾಮಿನ ಆ ಗಿಣಿಕೊಕ್ಕೂ ಇಂದು ಬ್ರಹ್ಮಪುತ್ರದ ಕೆಲವೇ ಹುಲ್ಲುಗಾವಲುಗಳಿಗೆ ಸೀಮಿತವಾಗಿದೆ.

ಇವು ಯಾಕೆ ಬೇರೆ ಕಡೆ ಹಾರಿ ಹೋಗುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ರೆಕ್ಕೆ ಇದೆಯಲ್ಲ? ಇದೆ. ಆದರೆ ಪೊದೆಯೊಳಗೆ ಬದುಕುವ ಹಕ್ಕಿಯ ರೆಕ್ಕೆ ಗಿಡ್ಡ ಮತ್ತು ದುಂಡು. ಕೊಂಬೆಗಳ ನಡುವೆ ಥಟ್ಟನೆ ತಿರುಗಲು ಒಳ್ಳೆಯದು, ದೂರ ಹಾರಲು ಸಾಲದು. ಹದ್ದಿಗೆ ಲೆಕ್ಕಕ್ಕೇ ಇಲ್ಲದ ಒಂದು ಬಯಲು ಇವಕ್ಕೆ ನಮ್ಮ ತುಂಗಭದ್ರೆಯಷ್ಟು ಅಗಲ.

ಕಳೆದ ಚಳಿಗಾಲದಲ್ಲಿ ಆನೆಗುಂದಿ ಕಡೆ ಒಂದು ಬಂಡಿ ದಾರಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ದಾರಿಯ ಅಗಲ ಹತ್ತು ಹೆಜ್ಜೆಯೂ ಇಲ್ಲ. ಈ ಕಡೆಯ ಬಾರಿ ಕಂಟಿಯಲ್ಲಿ ಹೊನ್ನಗಣ್ಣುಗಳ ಒಂದು ಹಿಂಡು ಸದ್ದು ಮಾಡುತ್ತಿತ್ತು. ಮೊದಲ ಹಕ್ಕಿ ಕಂಟಿಯ ಅಂಚಿಗೆ ಬಂದು, ಬಹಳ ಹೊತ್ತು ಆಚೀಚೆ ನೋಡಿ, ಬಾಲ ಜೋತು ಬಿಟ್ಟುಕೊಂಡು ಪಟಪಟನೆ ದಾಟಿತು. ಆಚೆ ಹೋಗಿ ಕರೆಯಿತು. ಎರಡನೆಯದು ದಾಟಿತು. ಮೂರು, ನಾಲ್ಕು. ಒಂದರ ಹಿಂದೆ ಒಂದು, ಜೊತೆಯಾಗಿ ಒಮ್ಮೆಯೂ ಇಲ್ಲ. ಏಳು ಎಣಿಸಿದೆ. ಮುಗಿಯಿತು ಎಂದು ಹೆಜ್ಜೆ ಎತ್ತಿದೆ. ಆಚೆಯ ಕಂಟಿಯಿಂದ ಮಾತ್ರ ಕರೆ ನಿಲ್ಲಲಿಲ್ಲ. ಹಾಗಾಗಿ ನಾನೂ ನಿಂತೆ. ಸ್ವಲ್ಪ ಹೊತ್ತಿಗೆ ಈ ಕಡೆಯ ಕಂಟಿಯ ಬುಡದಿಂದ ಎಂಟನೆಯದು ಮೇಲೆ ಹತ್ತಿ ಬಂತು.